ಬಾವಿಕಟ್ಟೆಯ ‘ಬೇಡ’

ನಮ್ಮ ಉಡುಪಿ ಕಡೆಯವರಿಗೆ ‘ಬೇಡ’ ಎಂಬ ಮಾತು ಕೇಳಿಸುವುದೇ ಇಲ್ಲ. ಊಟಕ್ಕೆ ಕೂತವರು ಬೇಡ ಎಂದರೆ ಇನ್ನೊಂದು ಸೌಟು ಬಡಿಸುವುದೇ ಮರ್ಯಾದೆ. ಈ ದೀಪಾವಳಿಗೆ ಆ ಮರ್ಯಾದೆಯೇ ನಮ್ಮನ್ನೆಲ್ಲ ಸುಟ್ಟುಹಾಕುವುದರಲ್ಲಿತ್ತು.

ಮುಂಬಯಿ ಪಕ್ಕದ ಡೊಂಬಿವಲಿಯ ನಮ್ಮ ಹೌಸಿಂಗ್ ಸೊಸೈಟಿಯ ಹಿಂದೆ ಹಳೆಯ ಬಾವಿಯೊಂದಿದೆ. ನೀರು ತುಂಬುವ ಹಬ್ಬದ ಸಂಜೆ ಅದರ ಮುಚ್ಚಳ ತೆಗೆಸಿ, ಹೂ ಏರಿಸಿ, ಹಗ್ಗಕ್ಕೆ ಕಟ್ಟಿದ ದೀಪ ಇಳಿಸಿ ಗಂಗೆಗೆ ಬೆಳಕು ತೋರಿಸುವುದು ನಮ್ಮ ಪದ್ಧತಿ. ಈ ಸಲ ಮುಚ್ಚಳ ತೆಗೆದದ್ದೇ ಗಪ್ಪೆಂದು ವಾಸನೆ ಹೊಡೆಯಿತು. ಎಂಐಡಿಸಿ ಕೈಗಾರಿಕಾ ಪ್ರದೇಶದ ಪಕ್ಕದಲ್ಲೇ ಬಾಳಿದವಳಿಗೆ ವಾಸನೆ ಹೊಸದೇ? ಕಾರ್ಖಾನೆಯವರಿಗೆ ನಾಲ್ಕು ಬೈದು ಸುಮ್ಮನಾದೆ. ದೀಪ ಇಳಿಸಲು ಎರಡನೇ ಮಹಡಿಗೆ ಹೊಸದಾಗಿ ಬಂದ ಯಾಮಿನಿಯನ್ನು ಕರೆದೆ. ಮೈಸೂರಿನ ಹುಡುಗಿ, ನೆಲದಡಿಯ ನೀರು ಪರೀಕ್ಷಿಸುವ ಕಂಪನಿಯಲ್ಲಿ ಕೆಲಸ.

ಅವಳು ಬಾವಿಗೆ ಬಗ್ಗಿದವಳೇ ಸರಕ್ಕನೆ ಹಿಂದೆ ಸರಿದಳು.

“ಬೇಡ ಆಂಟಿ.”

ನಾಚಿಕೆಯಿರಬೇಕೆಂದು ಒತ್ತಾಯಿಸಿದೆ. ಬೇಡ, ಬೇಡ ಎಂದಳು. ಎಂಥ ಸಂಭಾವಿತ ಹುಡುಗಿ ಎಂದು ಮೆಚ್ಚಿ, ನಾನೇ ತುಳಸಿಕಟ್ಟೆಯ ಬಳಿ ದೀಪ ಹಚ್ಚಿ ತಂದೆ. ಅವಳು ಅಡ್ಡ ಬಂದು, ಹಬ್ಬಕ್ಕೆಂದು ತುಂಬಿಟ್ಟಿದ್ದ ನಲ್ಲಿನೀರಿನ ಕೊಡಪಾನವನ್ನೇ ಎತ್ತಿ ಸುರಿದುಬಿಟ್ಟಳು. ದೀಪ ಆರಿತು. ನನ್ನ ಸೀರೆ ತೊಪ್ಪೆಯಾಯಿತು.

ಸಿಟ್ಟು ನೆತ್ತಿಗೇರಿತು. ಆದರೆ ಬಾಯಿ ತೆರೆಯಲು ಅವಳು ಬಿಡಲಿಲ್ಲ.

“ಇದು ಕೆಮಿಕಲ್ ಅಲ್ಲ, ಪೆಟ್ರೋಲ್. ಮೇಲಿನ ರಸ್ತೆಯ ಪೆಟ್ರೋಲ್ ಪಂಪಿನ ಟ್ಯಾಂಕ್ ನೆಲದೊಳಗೆ ಸೋರ್ತಿರ್ಬೇಕು. ಬಾವಿ ತುಂಬ ಅದರ ಹಬೆ. ಕಿಡಿ ಬಿದ್ರೆ ಮುಗೀತು.”

ಪೆಟ್ರೋಲ್ ನೀರಿನಲ್ಲಿ ಮುಳುಗುವುದಿಲ್ಲವಂತೆ. ಸಾರಿನ ಮೇಲಿನ ಎಣ್ಣೆಯ ಹಾಗೆ ತೇಲುತ್ತ, ನೆಲದೊಳಗಿನ ನೀರು ಇಳಿದತ್ತ ತಾನೂ ಇಳಿಯುತ್ತದಂತೆ. ಮಳೆಗಾಲ ಈಗಷ್ಟೇ ಮುಗಿದು ನೀರು ಮೇಲೆ ಬಂದಿದೆ, ಅದರ ಜೊತೆ ಪೆಟ್ರೋಲೂ. ಹೇಳುತ್ತಲೇ ಅವಳು ಎಲ್ಲರನ್ನೂ ದೂರ ಸರಿಸಿ, ಅಗ್ನಿಶಾಮಕದವರಿಗೆ ಫೋನ್ ಹಚ್ಚಿದಳು. ಆಮೇಲೆ ಕೇಳಿದಳು.

“ಇಲ್ಲಿಂದ ತಗ್ಗಿನಲ್ಲಿ ಇನ್ನೊಂದು ಬಾವಿ ಇದೆಯಾ ಆಂಟಿ?”

ಕೆಳಗಿನ ಗಲ್ಲಿಯಲ್ಲಿ, ನಮ್ಮೂರಿನ ಗುಣಪಾಲನ ಕ್ಯಾಂಟೀನಿನ ಹಿಂದೆ, ಅವನದೇ ಬಾವಿಯಿದೆ. ಅವನ ಮನೆಯಲ್ಲೂ ಇದೇ ಹಬ್ಬ, ಇದೇ ಹೊತ್ತು. ಫೋನ್ ಮಾಡಿದರೆ ಪುಣ್ಯಾತ್ಮ ಎತ್ತಲಿಲ್ಲ.

ಒದ್ದೆ ಸೀರೆ ಎತ್ತಿಕಟ್ಟಿ ಓಡಿದೆ. ರಿಕ್ಷಾದವರ ಬೈಗುಳ, ಮಕ್ಕಳ ಪಟಾಕಿ ಯಾವುದಕ್ಕೂ ನಿಲ್ಲಲಿಲ್ಲ. ನನ್ನ ಮಂಡಿನೋವು ಎಲ್ಲಿಗೆ ಹೋಗಿತ್ತೋ ದೇವರೇ ಬಲ್ಲ.

ಗುಣಪಾಲ ಉರಿಯುವ ದೀಪ ಹಿಡಿದು ಬಾವಿಯತ್ತ ನಡೆಯುತ್ತಿದ್ದ. ಅವನ ಹೆಂಡತಿ ಆಗಲೇ ಮುಚ್ಚಳ ಸರಿಸಿದ್ದಳು, ಅದೇ ವಾಸನೆ.

“ಬೇಡ ಗುಣಪಾಲ!”

ಅವನು ಹಲ್ಲುಬಿಟ್ಟ. “ಎಂಥ ಸಂಕೋಚ ಜಯಲತಕ್ಕ? ಬನ್ನಿ, ನೀವೇ ಇಳಿಸಿ” ಎಂದು ಬಾವಿಕಟ್ಟೆಯತ್ತ ಇನ್ನೊಂದು ಹೆಜ್ಜೆ ಇಟ್ಟ.

ಹಾರಿಹೋಗಿ ಅವನ ಕೈ ಎಳೆದು, ಒದ್ದೆ ಸೆರಗನ್ನು ದೀಪದ ಮೇಲೆ ಕವುಚಿದೆ. ಚುಯ್ಯೆಂದಿತು. ಅಂಗೈ ಸುಟ್ಟಿತು. ಅದೆಷ್ಟು ಖುಷಿಯಾಯಿತು ಅಂದರೆ, ನಿಂತಲ್ಲೇ ನಕ್ಕೆ.

ವಿಷಯ ತಿಳಿದ ಮೇಲೆ ಅವನ ಮುಖ ಬಿಳಿಚಿತು. ಆದರೂ ರೂಢಿಯಂತೆ, ಕಾಫಿ ಮಾಡಿಸಲೇ ಎಂದು ಕೇಳಿದ.

“ಬೇಡ” ಎಂದೆ.

ಅವನು ಒತ್ತಾಯಿಸಲಿಲ್ಲ. ಓಡಿಹೋಗಿ ಕ್ಯಾಂಟೀನಿನ ಒಲೆ ಆರಿಸಿ ಬಂದ.