ಟ್ಯಾಂಕಣ್ಣ ಸರ್ಕಲ್ ಸುತ್ತಿದ್ದು

ಟೈಲರಮ್ಮ ತನ್ನ ಗಂಡನಿಗೆ ದಿನಕ್ಕೆ ಎಷ್ಟು ಅಪ್ಪಣೆ ಕೊಡುತ್ತಾಳೆ ಎಂದು ಯಾರಾದರೂ ಕೇಳಿದರೆ ಅವಳಿಗೆ ಮೊದಲು ನಗು ಬರುತ್ತಿತ್ತು, ಆಮೇಲೆ ಅಳು. ಏಳಿ. ಮುಖ ತೊಳ್ಕೊಳ್ಳಿ. ಆ ಅಂಗಿ ಬೇಡ, ಈ ಅಂಗಿ ಹಾಕ್ಕೊಳ್ಳಿ. ಊಟ ಮಾಡಿ. ಸಾಕು, ಕೈ ತೊಳೀರಿ. ಬೀದಿಯವರು ಇದನ್ನೆಲ್ಲ ಕಿಟಕಿಯಲ್ಲಿ ಕೇಳಿಸಿಕೊಂಡು, ಗಂಡ ಪಾಪದವನು, ಹೆಂಡತಿ ಗಯ್ಯಾಳಿ ಎಂದು ತೀರ್ಮಾನ ಕೊಟ್ಟು ಕೈ ತೊಳೆದುಕೊಂಡಿದ್ದರು. ಜನರ ಬಾಯಿಗೆ ಬೀಗ ಹಾಕಲಾದೀತೇ? ಅಸಲು ವಿಷಯ ಏನೆಂದರೆ, ಹೇಳದಿದ್ದರೆ ಆ ಮಹಾರಾಯ ಹಾಸಿಗೆ ಬಿಟ್ಟು ಏಳುತ್ತಲೇ ಇರಲಿಲ್ಲ.

ಹಾಗಂತ ಟ್ಯಾಂಕಣ್ಣ ಸೋಮಾರಿಯಲ್ಲ, ದಡ್ಡನಂತೂ ಅಲ್ಲವೇ ಅಲ್ಲ. ಸೈನ್ಯದಲ್ಲಿ ಟ್ಯಾಂಕು ಓಡಿಸುತ್ತಿದ್ದವನು. ಟ್ಯಾಂಕಿನ ಚಾಲಕ ಎಲ್ಲರಿಗಿಂತ ಕೆಳಗೆ, ಮೈ ಮಡಚಿಕೊಂಡು ಕೂರುತ್ತಾನೆ. ಅವನ ಪಾಲಿನ ಲೋಕ ಎಂದರೆ ಅಂಚೆ ಡಬ್ಬಿಯ ಬಾಯಿಯಷ್ಟು ಅಗಲದ ಒಂದು ಕಿಂಡಿ. ಮೇಲೆ ತಲೆ ಹೊರಗಿಟ್ಟು ನಿಂತ ಕಮಾಂಡರನಿಗೆ ಎಲ್ಲ ಕಾಣುತ್ತದೆ. ಅವನು ಕಿವಿಯೊಳಗೆ ಎಡಕ್ಕೆ ಎಂದರೆ ಎಡಕ್ಕೆ, ನಿಲ್ಲು ಎಂದರೆ ನಿಲ್ಲು. ಮುಂದೆ ಗುಡ್ಡವೋ ಗುಂಡಿಯೋ ಎಂದು ಕೇಳುವ ಹಾಗಿಲ್ಲ. ಟ್ಯಾಂಕಣ್ಣ ಯುದ್ಧದಲ್ಲೂ ಒಂದು ಸಲವೂ ತಾನಾಗಿ ಗಾಡಿ ತಿರುಗಿಸಲಿಲ್ಲ. ಅದಕ್ಕೇ ಅವನ ಟ್ಯಾಂಕಿನವರೆಲ್ಲ ಜೀವಸಹಿತ ಮನೆ ಸೇರಿದರು. ಆ ಹೆಮ್ಮೆಯನ್ನು ಅವನು ಸಮವಸ್ತ್ರದ ಜೊತೆ ಕಳಚಿಡಲಿಲ್ಲ, ಅಷ್ಟೇ.

ಟೈಲರಮ್ಮನೂ ಹೇಗೋ ನಡೆಯುತ್ತದೆ ಎಂದು ಸುಮ್ಮನಿದ್ದಳು. ಆದರೆ ಹೋದ ವರ್ಷ ಅವಳಿಗೆ ಜ್ವರ ಬಂತು ನೋಡಿ, ಆಗ ಹೆದರಿಕೆ ಹುಟ್ಟಿತು. ಹಣೆಗೆ ಒದ್ದೆ ಬಟ್ಟೆ ಹಾಕ್ತಾ ಇರಿ ಎಂದು ಹೇಳಿ ಕಣ್ಣು ಮುಚ್ಚಿದವಳಿಗೆ ಪ್ರಜ್ಞೆಯೇ ಇರಲಿಲ್ಲ. ಗಂಡ ಹಾಕಿದ, ಹಾಕುತ್ತಲೇ ಇದ್ದ. ಉಣ್ಣಲಿಲ್ಲ, ನೀರು ಕುಡಿಯಲಿಲ್ಲ, ಕುರ್ಚಿ ಬಿಟ್ಟು ಏಳಲಿಲ್ಲ. ಪಕ್ಕದ ಮನೆಯಾಕೆ ಬಾಗಿಲು ತಳ್ಳಿ ಒಳಗೆ ಬಂದಾಗ ಹೆಂಡತಿಯ ಜ್ವರ ಇಳಿದಿತ್ತು, ದಿಂಬಿನಿಂದ ನೀರು ತೊಟ್ಟಿಕ್ಕುತ್ತಿತ್ತು, ಟ್ಯಾಂಕಣ್ಣ ಹಸಿವಿನಿಂದ ಬಿಳಿಚಿಕೊಂಡು ಇನ್ನೊಂದು ಬಟ್ಟೆ ಹಿಂಡುತ್ತಿದ್ದ. ಬೀದಿಯವರಿಗೆಲ್ಲ ಇದು ನಗೆಯ ಕತೆಯಾಯಿತು. ಟೈಲರಮ್ಮನೂ ನಕ್ಕಳು. ಆದರೆ ಹೊಲಿಗೆ ಯಂತ್ರದ ಮುಂದೆ ಕೂತಾಗಲೆಲ್ಲ ಅವಳ ತಲೆಯಲ್ಲಿ ಒಂದೇ ಯೋಚನೆ: ನಾನು ಒಂದು ದಿನ ಕಣ್ಣು ಮುಚ್ಚಿದರೆ ಈ ಮನುಷ್ಯನ ಗತಿಯೇನು?

ಮಾಜಿ ಸೈನಿಕರ ಕುಟುಂಬಗಳಿಗೆ ನೆರವು ಕೊಡುವ ಕೇಂದ್ರವೊಂದಿತ್ತು. ಮುಂದೆ ಚಹಾದ ಮೇಜು, ಹಿಂದೆ ಕೃತಕ ಕಾಲು ಮಾಡುವ ಕೋಣೆ, ಅಲ್ಲಿಂದ ಇಡೀ ದಿನ ಉಜ್ಜುವ ಸದ್ದು. ಆ ಸದ್ದಿನ ಮಧ್ಯೆಯೇ ಸಲಹೆಗಾರ್ತಿಯ ಮುಂದೆ ಅವಳು ಎಲ್ಲ ಹೇಳಿಕೊಂಡಳು. ಸಲಹೆಗಾರ್ತಿ ಚಿಕ್ಕ ವಯಸ್ಸಿನವಳು, ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಮೇಜಿನ ಮೇಲೆ ಹುಡುಕುವ ಪೈಕಿ. ಆದರೆ ಒಳ್ಳೆಯ ದಾರಿ ಹೇಳಿದಳು. ಕೇಂದ್ರದ ವ್ಯಾನಿಗೆ ಚಾಲಕ ಬೇಕಿತ್ತು, ಕೈಕಾಲು ಆಗದವರನ್ನು ಮನೆಯಿಂದ ಕರೆತರುವ ಕೆಲಸ. ನಿಮ್ಮವರು ಲೈಸೆನ್ಸ್ ತೆಗೆದುಕೊಳ್ಳಲಿ ಎಂದಳು.

ಲೈಸೆನ್ಸಿನ ಪರೀಕ್ಷೆಯಲ್ಲಿ ಟ್ಯಾಂಕಣ್ಣ ಊರೇ ಬೆರಗಾಗುವ ಹಾಗೆ ಪಾಸಾದ. ಆಗದೆ ಏನು? ಪಕ್ಕದಲ್ಲಿ ಕೂತ ಅಧಿಕಾರಿ ಎಡಕ್ಕೆ, ಬಲಕ್ಕೆ, ಈಗ ಹಿಂದಕ್ಕೆ ಎಂದು ಹೇಳುತ್ತಲೇ ಇದ್ದ. ತನ್ನ ಸರ್ವಿಸಿನಲ್ಲೇ ಇಂಥ ಚಾಲಕನನ್ನು ಕಂಡಿಲ್ಲ ಎಂದು ಆತ ಕೈ ಕುಲುಕಿದನಂತೆ. ಟೈಲರಮ್ಮ ಮಾತ್ರ ಹಣೆ ಹಣೆ ಚಚ್ಚಿಕೊಂಡಳು.

ಪಾಸಾದ ಗುಟ್ಟು ಸಲಹೆಗಾರ್ತಿಗೂ ಅರ್ಥವಾಯಿತು. ಅದಕ್ಕೇ ಮೊದಲ ದಿನ ಒಂದು ಷರತ್ತು ಹಾಕಿದಳು. ಬ್ಯಾಂಕಿನ ರಸ್ತೆಯಲ್ಲಿ ಬನ್ನಿ ಎಂದು ಟ್ಯಾಂಕಣ್ಣನಿಗೆ ಹೇಳಿದ ಮೇಲೆ, ಟೈಲರಮ್ಮನನ್ನು ಪಕ್ಕಕ್ಕೆ ಕರೆದಳು.

"ನೀವೂ ಜೊತೆಗೆ ಹೋಗಿ ಅಮ್ಮ. ಆದ್ರೆ ನೀವು ಒಂದು ಮಾತು ದಾರಿ ಹೇಳಿದ್ರೂ ಈ ಕೆಲಸ ಅವರಿಗಿಲ್ಲ."

ವ್ಯಾನಿನಲ್ಲಿ ಬರುವ ಉಳಿದವರ ಬಾಯಿಯ ವಿಷಯ ಸಲಹೆಗಾರ್ತಿಗೆ ಹೊಳೆಯಲೇ ಇಲ್ಲ.

ಉಳಿದವರು ಎಂದರೆ ಮೂವರು. ಒಂದು ಕಾಲಿನ ಕರ್ನಲ್ ಸಾಹೇಬರು, ಹೊಸ ಕಾಲಿನ ಅಳತೆಗೆ ಹೊರಟವರು, ಹಳೆಯದನ್ನು ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಇನ್ನೊಬ್ಬ ನೌಕಾಪಡೆಯಲ್ಲಿ ಅಡುಗೆ ಮಾಡುತ್ತಿದ್ದ ದಪ್ಪನೆಯ ಮನುಷ್ಯ. ಮೂರನೆಯವಳು ಒಬ್ಬ ಸಿಪಾಯಿಯ ಅಜ್ಜಿ. ಮೊಮ್ಮಗ ಗಡಿಯಿಂದ ಹಿಂತಿರುಗಿ ಬರಲಿಲ್ಲ, ಅಜ್ಜಿ ವಾರಕ್ಕೊಮ್ಮೆ ಕೇಂದ್ರಕ್ಕೆ ಹೋಗಿ ಮಾತಾಡಿ ಬರುತ್ತಿದ್ದಳು. ಬೆಳಗಿನ ಬಿಸಿಲಿನಲ್ಲಿ ವ್ಯಾನು ಚೆನ್ನಾಗಿಯೇ ಹೊರಟಿತು. ಸರ್ಕಲ್ ತನಕ ಯಾರಿಗೂ ಏನೂ ತೊಂದರೆ ಇರಲಿಲ್ಲ.

ಸರ್ಕಲ್ಲಿನಲ್ಲಿ ನೋಡಿದರೆ ಬ್ಯಾಂಕಿನ ರಸ್ತೆಯನ್ನು ಪೈಪು ಹಾಕಲು ಅಡ್ಡಡ್ಡ ಅಗೆದು ಹಾಕಿದ್ದಾರೆ. ಟ್ಯಾಂಕಣ್ಣ ಆ ರಸ್ತೆಯ ಬಾಯಿಗೆ ಬಂದ, ನೋಡಿದ, ಮುಂದೆ ಹೋದ. ಮುಂದೆ ಹೋದರೆ ಮಾರುಕಟ್ಟೆಯ ರಸ್ತೆ. ಅದರ ಅಪ್ಪಣೆ ಇಲ್ಲ. ಆಮೇಲೆ ಆಸ್ಪತ್ರೆಯ ರಸ್ತೆ. ಅದರದ್ದೂ ಇಲ್ಲ. ಆಮೇಲೆ ನದಿಯ ರಸ್ತೆ, ಆಮೇಲೆ ಬಂದ ರಸ್ತೆ, ಆಮೇಲೆ ಮತ್ತೆ ಬ್ಯಾಂಕಿನ ರಸ್ತೆ, ಅದೇ ಗುಂಡಿ. ವ್ಯಾನು ಎರಡನೇ ಸುತ್ತು ಹೊರಟಿತು.

ಕರ್ನಲ್ ಸಾಹೇಬರು ಗಂಟಲು ಸರಿಮಾಡಿಕೊಂಡು, ಆಸ್ಪತ್ರೆ ರಸ್ತೆ ಎಂದು ಅಪ್ಪಣೆ ಕೊಟ್ಟರು. ಅದೇ ಗಳಿಗೆಗೆ ಅಡುಗೆಯವನು ಮಾರುಕಟ್ಟೆ ರಸ್ತೆಯೇ ಹತ್ತಿರ ಎಂದ. ಅಜ್ಜಿ ಇಬ್ಬರನ್ನೂ ಗದರಿಸಿ, ಬಂದ ದಾರೀಲೇ ವಾಪಸ್ ಹೋಗಪ್ಪ, ಒಲೆ ಆರಿಸಿದ್ದೀನೋ ಇಲ್ವೋ ನೆನಪಿಲ್ಲ ಎಂದಳು. ಟ್ಯಾಂಕಿನಲ್ಲಿ ಅಪ್ಪಣೆ ಬರುವುದು ಒಂದೇ ಗಂಟಲಿನಿಂದ. ಮೂರು ಗಂಟಲು ಒಟ್ಟಿಗೆ ಕೂಗಿದರೆ ಚಾಲಕ ಏನು ಮಾಡಬೇಕು? ಹಿಡಿದ ದಾರಿ ಬಿಡಬಾರದು. ಟ್ಯಾಂಕಣ್ಣ ಬಿಡಲಿಲ್ಲ.

ಎಷ್ಟು ಸುತ್ತಾಯಿತೋ ದೇವರಿಗೇ ಗೊತ್ತು. ಮೊದಲು ಸೀಟಿ ಊದುತ್ತಿದ್ದ ಟ್ರಾಫಿಕ್ ಪೊಲೀಸ್ ಆಮೇಲೆ ಪರಿಚಯದವರಿಗೆ ಮಾಡುವ ಹಾಗೆ ಕೈ ಬೀಸತೊಡಗಿದ. ಹಣ್ಣಿನ ಗಾಡಿಯವನು ವ್ಯಾಪಾರ ಬಿಟ್ಟು ನಿಂತ. ವ್ಯಾನಿನೊಳಗೆ ಎಲ್ಲರೂ ಒಂದೇ ಕಡೆಗೆ ಜಾರಿ, ಅಡುಗೆಯವನ ಹೊಟ್ಟೆಯ ಮೇಲೆ ರಾಶಿ ಬಿದ್ದಿದ್ದರು. ಕರ್ನಲ್ ಸಾಹೇಬರ ಕಾಲು ತೊಡೆಯಿಂದ ಜಾರಿ ಅಜ್ಜಿಯ ಮಡಿಲು ಸೇರಿತು. ಅಜ್ಜಿ ಅದನ್ನು ಕೂಸಿನ ಹಾಗೆ ತಬ್ಬಿಕೊಂಡಳು. ಸಾಹೇಬರಿಗೆ ಮೊದಲು ಸಿಟ್ಟು ಬಂದು, ಆಮೇಲೆ ನಗು ಉಕ್ಕಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವರು ನಕ್ಕಿದ್ದು ನೋಡಿ ಅಡುಗೆಯವನು ನಕ್ಕ, ಅವನ ಹೊಟ್ಟೆ ಕುಲುಕಿ ಮೇಲಿದ್ದವರೆಲ್ಲ ಕುಲುಕಿದರು. ಮೊಮ್ಮಗ ಹೋದ ಮೇಲೆ ಅಜ್ಜಿ ಹೀಗೆ ಬಾಯಿ ತುಂಬ ನಕ್ಕಿದ್ದು ಅದೇ ಮೊದಲು.

ನಗದೆ ಇದ್ದವಳು ಟೈಲರಮ್ಮ ಒಬ್ಬಳೇ. ಆಸ್ಪತ್ರೆ ರಸ್ತೆ ರೀ, ಆಸ್ಪತ್ರೆ ರಸ್ತೆ ಎಂಬ ಮಾತು ಅವಳ ನಾಲಗೆಯ ತುದಿಗೆ ಬಂದು ಕುಣಿಯುತ್ತಿತ್ತು. ಬಾಯಿ ಬಿಟ್ಟರೆ ಬಣ್ಣಗೇಡು. ಕರ್ಚೀಫು ಮುದ್ದೆ ಮಾಡಿ ಬಾಯಿಗೆ ತುರುಕಿಕೊಂಡಳು. ಅಷ್ಟರಲ್ಲಿ ಕನ್ನಡಿಯಲ್ಲಿ ಗಂಡನ ಕಣ್ಣು ಕಂಡಿತು. ಹೇಳು ಎಂದು ಕೇಳುವ ಕಣ್ಣು. ಬೆವರು ಹರಿಯುತ್ತಿತ್ತು ಪಾಪ. ಇಷ್ಟು ವರ್ಷ ಹೇಳಿದವಳಿಗೆ ಇನ್ನೊಂದು ಸಲ ಹೇಳುವುದು ಏನು ಮಹಾ? ಹುಬ್ಬು ಹಾರಿಸಿದರೂ ಸಾಕಿತ್ತು, ಆತ ತಿರುಗಿಸುತ್ತಿದ್ದ. ಅವಳು ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡುಬಿಟ್ಟಳು.

ಮುಚ್ಚಿದ ಕಣ್ಣಿನ ಕತ್ತಲೆಯಲ್ಲಿ ವ್ಯಾನು ಇನ್ನೊಂದು ಸುತ್ತು ಹೋಯಿತು. ಆಮೇಲೆ ಒಂದು ಕಡೆ ವಾಲಿದ್ದ ಮೈಯೆಲ್ಲ ಥಟ್ಟನೆ ನೆಟ್ಟಗಾಯಿತು. ಅಡುಗೆಯವನ ಮೇಲಿದ್ದವರು ತಂತಮ್ಮ ಜಾಗಕ್ಕೆ ಬಿದ್ದರು. ಟೈಲರಮ್ಮ ಒಂದು ಕಣ್ಣು ತೆರೆದು ನೋಡಿದಳು.

ನದಿಯ ರಸ್ತೆ. ಎಲ್ಲ ಬಿಟ್ಟು ನದಿಯ ರಸ್ತೆ, ಕೇಂದ್ರದ ಪೂರಾ ಉಲ್ಟಾ ದಿಕ್ಕು. ಕರ್ನಲ್ ಸಾಹೇಬರು ಬಾಯಿ ತೆರೆಯಲು ಹೊರಟರು. ಟೈಲರಮ್ಮ ತಿರುಗಿ ಅವರನ್ನು ನೋಡಿದ ನೋಟಕ್ಕೆ, ಒಂದು ಪಡೆಯನ್ನೇ ನಡೆಸಿದ ಮನುಷ್ಯ ತೆಪ್ಪಗೆ ಬಾಯಿ ಮುಚ್ಚಿದರು.

ಟ್ಯಾಂಕಣ್ಣ ಎರಡು ಕಡೆಯ ಕಿಟಕಿಯನ್ನೂ ಇಳಿಸಿದ. ಅದನ್ನೂ ಯಾರೂ ಹೇಳಿರಲಿಲ್ಲ. ಗಾಳಿ ನುಗ್ಗಿ ಎಲ್ಲರ ತಲೆಗೂದಲು ಕೆದರಿತು. ಸ್ವಲ್ಪ ದೂರ ಹೋದ ಮೇಲೆ ಅವನು ಮೆಲ್ಲಗೆ ಮಾತಾಡಿದ.

"ಇದು ತಪ್ಪು ದಾರಿ ಅಂತ ನಂಗೊತ್ತು. ನೀರು ನೋಡ್ಬೇಕು ಅನ್ನಿಸ್ತು, ತಿರುಗಿಸ್ದೆ. ನೋಡ್ಕೊಂಡು ಸೇತುವೆ ಮೇಲಿಂದ ವಾಪಸ್ ಹೋಗೋಣ, ಎಲ್ರಿಗೂ ಆಗುತ್ತಾ?"

ಹಿಂದಿನ ಮೂವರೂ ಒಟ್ಟಿಗೆ ಆಗುತ್ತೆ ಎಂದರು. ಅಜ್ಜಿಗಂತೂ ಒಲೆಯ ಮಾತೇ ಮರೆತುಹೋಗಿತ್ತು. ಹೆಂಡತಿಯ ಉತ್ತರ ಬರಲಿಲ್ಲ ಎಂದು ಟ್ಯಾಂಕಣ್ಣ ಕನ್ನಡಿಯಲ್ಲಿ ನೋಡಿದ. ಟೈಲರಮ್ಮ ಸೀಟಿಗೆ ತಲೆ ಆನಿಸಿ, ಹಾಡಹಗಲಲ್ಲಿ, ಬಾಯಿ ತೆರೆದುಕೊಂಡು ಗಾಢವಾಗಿ ನಿದ್ದೆ ಹೋಗಿದ್ದಳು. ಅವನು ವೇಗ ಕಡಿಮೆ ಮಾಡಿದ.