ಗುಡಿಸಿದ ನೆಲ

ನನ್ನ ಹೆಂಡತಿ ಸಾಯ್‌ಛಿಂಗಿಯನ್ನು ಮಣ್ಣಿಗೆ ಕೊಟ್ಟು ಎಂಟು ವಾರವಾಗಿತ್ತು. ಅಂದಿನಿಂದ ನಾನು ಚರ್ಚಿನಲ್ಲಿ ಪ್ರತಿ ವಾರ ಬಾರಿಸುತ್ತಿದ್ದ ಡೋಲನ್ನು ಮುಟ್ಟಿರಲಿಲ್ಲ. ಅವಳು ಕಳಲೆ ಕೀಳುತ್ತಿದ್ದ ಬಡಗಣ ಇಳಿಜಾರನ್ನು ಕಡಿದು ತೇಗ ನೆಡಬೇಕೆಂದು ಊರಿನ ಮುಖ್ಯಸ್ಥ ಕಪ್‌ಲಿಯಾನಾ ಹೊರಟಿದ್ದ. ಅಲ್ಲಿ ಅಪರೂಪದ ಆರುಕಾಲಿನ ಆಮೆ ಇನ್ನೂ ಇದ್ದರೆ ಕಾಡು ಉಳಿಯಲಿ, ಶನಿವಾರ ಸಂಜೆಯೊಳಗೆ ಯಾರಾದರೂ ತೋರಿಸಲಿ ಎಂದು ಊರ ಸಭೆ ಗೊತ್ತುಮಾಡಿತ್ತು.

ಐಜಾಲಿನಿಂದ, ಆಮೆಗಳನ್ನು ಅಧ್ಯಯನ ಮಾಡುವ ಝೋಥನ್‌ಪಾರಿ ಎಂಬ ಹುಡುಗಿ ನಕ್ಷೆ ಹಿಡಿದು ಬಂದಿದ್ದಳು. ಆಮೆ ಸಿಕ್ಕ ಬೆಟ್ಟಗಳಿಗೆಲ್ಲ ಅದರಲ್ಲಿ ಕೆಂಪು ಚುಕ್ಕೆ. ನಮ್ಮ ಬೆಟ್ಟಕ್ಕೆ ಒಂದೂ ಇಲ್ಲ. ಬೇಟೆಗಾರರು ಹಳ್ಳದ ದಂಡೆಯಿಂದ ಮೂರು ಆಮೆ ತಂದರು. ಅವಳು ಒಂದೊಂದನ್ನೂ ಎತ್ತಿ ನೋಡಿ ಕೆಳಗಿಟ್ಟಳು.

"ಇವೆಲ್ಲ ಹಳದಿ ಆಮೆ, ತಗ್ಗಿನ ಕಾಡಿನವು. ನಮಗೆ ಬೇಕಾದ್ದು ಕಂದು. ತೊಡೆ ಹಿಂದೆ ದಪ್ಪ ಮುಳ್ಳುಗಳಿರುತ್ತೆ, ಇನ್ನೊಂದು ಜೊತೆ ಕಾಲಿದ್ದ ಹಾಗೆ. ಅದು ಮೇಲೆ, ತಂಪಲ್ಲಿರೋದು. ಮೇಲ್ತುದೀಲಿ ನೋಡಿದ್ರಾ?"

"ಅಲ್ಲಿ ಮರಿ ಹಾಕಿದ ಕಾಡುಹಂದಿ ಗೂಡಿದೆಯಮ್ಮ, ಹತ್ರ ಹೋದ್ರೆ ಸೀಳಿಬಿಡುತ್ತೆ," ಎಂದ ಕಪ್‌ಲಿಯಾನಾ. "ಆ ತರಗೆಲೆ ಗುಡ್ಡೆ ಕಂಡ್ರೆ ನಮ್ಮಪ್ಪನೂ ಸುತ್ತಿ ಹೋಗ್ತಿದ್ದ."

ಆಗ ನನಗೆ ಸಾಯ್‌ಛಿಂಗಿಯ ಮಾತು ನೆನಪಾಯಿತು. "ಆ ಹಂದಿ ಎಷ್ಟು ಒಪ್ಪ ಗೊತ್ತಾ? ಗೂಡಿನ ಸುತ್ತ ನೆಲ ಗುಡಿಸಿಟ್ಟಿರುತ್ತೆ. ನಿಮಗಿಂತ ಅದೇ ವಾಸಿ!" ನಾನು ನಕ್ಕುಬಿಟ್ಟಿದ್ದೆ. ಹಂದಿ ಗಿಡ ಕಚ್ಚಿ ಮುರಿದು ಹಾಸಿಕೊಳ್ಳುತ್ತದೆ. ನೆಲ ಗುಡಿಸುವ ಹಂದಿಯನ್ನು ಯಾರು ಕಂಡಿದ್ದಾರೆ?

ಶನಿವಾರ ಬೆಳಿಗ್ಗೆ ನಾವು ಮೂವರೂ ಮೇಲ್ತುದಿಗೆ ಹತ್ತಿದೆವು. ಕಪ್‌ಲಿಯಾನಾ ಕೋವಿ ತಂದಿದ್ದ. ಮೊಣಕಾಲೆತ್ತರದ ಎಲೆಗುಡ್ಡೆ, ಸುತ್ತ ಒಂದು ಒಣ ಎಲೆಯಿಲ್ಲ, ಕಚ್ಚಿ ಮುರಿದ ಒಂದು ಗಿಡವೂ ಇಲ್ಲ. ದೇವರನ್ನು ನೆನೆದು ಗುಡ್ಡೆಗೆ ಕೈ ಚಾಚಿದೆ.

"ಬೇಡ ಅಜ್ಜ! ಅಜ್ಜಿ ಹಿಂದೇನೇ ಹೋಗ್ಬೇಕಾ?" ಎಂದು ಕಪ್‌ಲಿಯಾನಾ ಕೂಗಿದ.

ಎಲೆ ಸರಿಯಿತು. ಕಪ್‌ಲಿಯಾನಾ ಕೋವಿ ಕೆಳಗೆ ಬಿಟ್ಟು ಪಕ್ಕದ ಮರ ಹತ್ತಿದ. ಗುಡ್ಡೆಯ ಹಿಂದಿನಿಂದ ಕಂದು ಚಿಪ್ಪೊಂದು ಮೇಲೆದ್ದು ಬಂದು, ಗುಡ್ಡೆಯ ಮೇಲೆ ಹತ್ತಿ ನಿಂತು, ನನ್ನ ಮೊಣಕಾಲನ್ನು ನೂಕಿತು. ಮತ್ತೆ ನೂಕಿತು. ಮೊಟ್ಟೆ ಕಾಯುವ ತಾಯಿ!

ಝೋಥನ್‌ಪಾರಿ ನೆಲಕ್ಕೆ ಕೆನ್ನೆಯಿಟ್ಟು ಅದರ ಹಿಂಗಾಲು ನೋಡಿದಳು. "ಮುಳ್ಳಿದೆ! ಎರಡೂ ತೊಡೇಲಿದೆ! ಆರುಕಾಲಿಂದೇ ಅಜ್ಜ! ಸುತ್ತಲಿನ ಎಲೆಯೆಲ್ಲ ಗುಡಿಸಿ ಗೂಡು ಮಾಡಿರೋದು ಇದೇ!"

"ಇಳಿಯಪ್ಪ ಮುಖ್ಯಸ್ಥ," ಎಂದೆ. "ಅದಕ್ಕೆ ಮರ ಹತ್ತೋಕೆ ಬರಲ್ಲ."

ಅವಳು ಅಲ್ಲೇ ನಕ್ಷೆ ಬಿಡಿಸಿ ನಮ್ಮ ಬೆಟ್ಟಕ್ಕೆ ಚುಕ್ಕೆಯಿಟ್ಟಳು. ಮೊದಲು ಕಂಡವರ ಹೆಸರು ಕೇಳಿದಳು.

"ಸಾಯ್‌ಛಿಂಗಿ ಅಂತ ಬರಿ. ಕಂಡೋಳು ಅವಳು. ನಂಬೋಕೆ ನನಗೆ ಇಷ್ಟು ದಿನ ಬೇಕಾಯ್ತು."

ಸಂಜೆಯ ಸಭೆಯಲ್ಲಿ ಕಾಡು ಉಳಿಯಲಿ ಎಂದು ಮೊದಲು ಕೈಯೆತ್ತಿದವನು ಕಪ್‌ಲಿಯಾನಾ. "ಮರ ಕಡಿದ್ರೆ ಇನ್ನೊಂದ್ಸಲ ಹತ್ತೋಕೆಲ್ಲಿ ಹೋಗ್ತೀಯ?" ಎಂದು ಹೆಂಗಸರು ಕೂಗಿದರು, ಅವನೂ ನಕ್ಕ.

ಮರುದಿನ ಭಾನುವಾರ, ಚರ್ಚಿನಲ್ಲಿ ಎಲ್ಲರೂ ಹಾಡಿಗೆ ಎದ್ದು ನಿಂತಾಗ ನಾನು ಮುಂದೆ ಹೋದೆ. ಡೋಲಿನ ಚರ್ಮ ಮಳೆಗೆ ಸಡಿಲವಾಗಿತ್ತು. ಆದರೂ ಬಾರಿಸಿದೆ. ಬಡಗಣ ಇಳಿಜಾರಿನವರೆಗೂ ಕೇಳಿಸುವ ಹಾಗೆ ಬಾರಿಸಿದೆ.