ಮೂರು ನಿಮಿಷದ ಪೆಟ್ಟಿಗೆ

ನಾನು ಭಾಷಣಕಾರರ ಬಾಯಿಗೆ ಗಡುವು ಹಾಕುವ ಒಂದು ಪೆಟ್ಟಿಗೆ. ಎದೆಯ ಮೇಲೆ ಹಸಿರು, ಹಳದಿ, ಕೆಂಪು ದೀಪಗಳು, ಪಕ್ಕದಲ್ಲೊಂದು ಗುಂಡಿ. ಒತ್ತಿದರೆ ಹಸಿರು ಹೊತ್ತುತ್ತದೆ. ಮೂರು ನಿಮಿಷ ತುಂಬಿದೊಡನೆ ಕೆಂಪು ಹೊತ್ತಿ, ಕತ್ತೆಯಂತೆ ಅರಚುತ್ತೇನೆ. ನಾನು ಹುಟ್ಟಿದ ಕಾರ್ಖಾನೆಯಲ್ಲಿ ಪಕ್ಕದ ಮೇಜಿನ ಮೇಲೆ ಗೋಡೆ ಗಡಿಯಾರಗಳು ತಯಾರಾಗುತ್ತಿದ್ದವು. ಅವುಗಳ ಪಾಲಿಗೆ ಇಡೀ ದಿನ, ನನ್ನ ಪಾಲಿಗೆ ಮೂರು ನಿಮಿಷ. ನನ್ನ ಹೊಟ್ಟೆಕಿಚ್ಚಿಗೆ ನನ್ನಷ್ಟೇ ವಯಸ್ಸು.

ಅಮೆರಿಕದ ದಕ್ಷಿಣದ ಒಂದು ಸಣ್ಣ ಊರಿನ ಪ್ರೌಢಶಾಲೆಗೆ ಹೋದೆ. ಅಲ್ಲಿನ ಚರ್ಚಾಕೂಟಕ್ಕೆ ಬೆಳ್ಳಿ ಬಣ್ಣದ ಕಪ್ ಒಂದಿತ್ತು. ಮಾತಾಡಿಸುವವನು ನಾನು, ನಿಲ್ಲಿಸುವವನು ನಾನು. ಕೊನೆಗೆ ಎಲ್ಲರೂ ಎತ್ತಿ ಮುದ್ದಾಡುವುದು ಮಾತ್ರ ಆ ಎರಡು ಕಿವಿಯ ಪಾತ್ರೆಯನ್ನು.

ಚರ್ಚಾಕೂಟದ ಪದ್ಧತಿ ವಿಚಿತ್ರ. ಯಾರು ಯಾವ ಪಕ್ಷ ವಾದಿಸಬೇಕೆಂಬುದನ್ನು ನಾಣ್ಯ ಚಿಮ್ಮಿ ನಿರ್ಧರಿಸುತ್ತಿದ್ದರು. ನಂಬಿಕೆಗೂ ವಾದಕ್ಕೂ ಸಂಬಂಧವಿಲ್ಲವೆಂಬುದೇ ಅವರ ಹೆಮ್ಮೆ. ಸಾವಿರದ ಒಂಬೈನೂರ ಎಂಬತ್ತನಾಲ್ಕರ ಅಂತಿಮ ಸುತ್ತಿನ ವಿಷಯ: "ಈ ದೇಶದಲ್ಲಿ ವರ್ಣಭೇದ ಮುಗಿದಿದೆ." ಬ್ಯಾಂಕ್ ಯಜಮಾನರ ಮಗ, ಬಿಳಿಯ ಹುಡುಗ ಹಾರ್ಲನ್ ಪಿಕೆಟ್‌ನ ಪಾಲಿಗೆ "ಮುಗಿದಿಲ್ಲ" ಬಂತು. "ಮುಗಿದಿದೆ" ಬಂದದ್ದು ಕಪ್ಪು ಹುಡುಗಿ ವರ್ನೆಟಾ ಹಿಲ್‌ಗೆ. ಅವಳ ಅಜ್ಜಿ ಲೂಯೆಲ್ಲಾ ಅದೇ ಶಾಲೆಯ ಅಡುಗೆಮನೆಯಲ್ಲಿ ತಟ್ಟೆ ತೊಳೆಯುತ್ತಿದ್ದಳು.

ಹಾರ್ಲನ್ ಕಣ್ಣಲ್ಲಿ ನೀರು ತಂದುಕೊಂಡು ವಾದಿಸಿದ. ವರ್ನೆಟಾ ಒಂದೊಂದಾಗಿ ಅಂಕಿ ಅಂಶ ಜೋಡಿಸಿದಳು. ಭೇದ ಮುಗಿದಿದೆಯೆಂದು ಅವಳ ಬಾಯಿಂದಲೇ ಕೇಳಿ ಮೂವರು ಬಿಳಿಯ ತೀರ್ಪುಗಾರರು ದಣಿದ ಕಾಲನ್ನು ಬೆಚ್ಚನೆಯ ನೀರಿನಲ್ಲಿಟ್ಟವರಂತೆ ಸಡಿಲವಾದರು. ಕಪ್ ಅವಳಿಗೇ ಹೋಯಿತು.

ಒದ್ದೆ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದ ಅಜ್ಜಿ, "ಚೆನ್ನಾಗಿ ಮಾತಾಡ್ದೆ ಕಣೇ. ಒಂದ್ಸಲ ಅಡುಗೆಮನೆ ಕಡೇನೂ ಬಂದು ಹೇಳು, ಮುಗೀತು ಅಂತ ನಮ್ಗೂ ತಿಳೀಲಿ," ಎಂದಳು.

"ನಾಣ್ಯ ಹಾಗ್ ಬಿತ್ತು ಅಜ್ಜಿ."

"ನಮ್ ಪಾಲಿಗೆ ಅದು ಇನ್ನೊಂದ್ ಕಡೆ ಬಿದ್ದಿದ್ದು ಯಾವಾಗ, ಬಿಡು."

ಹಾರ್ಲನ್ ದೂರದಿಂದ ಆ ಬೆಳ್ಳಿ ಬಣ್ಣದ ಕಪ್ ಅನ್ನೇ ನೋಡುತ್ತಿದ್ದ. ಆ ನೋಟ ನನಗೆ ಚೆನ್ನಾಗಿ ಗೊತ್ತಿತ್ತು. ನನ್ನದೂ ಅದೇ.

ಕೆಲವು ವರ್ಷಗಳಲ್ಲಿ ಚರ್ಚಾಕೂಟ ನಿಂತುಹೋಗಿ, ನಾನು ಊರ ಆಡಳಿತ ಮಂಡಳಿಯ ಸಭಾಂಗಣಕ್ಕೆ ಬಂದೆ. ಅಲ್ಲಿ ಯಾವ ನಾಗರಿಕನಾದರೂ ಹೆಸರು ಬರೆಸಿ, ಮೂರು ನಿಮಿಷ ಮಂಡಳಿಯ ಮುಂದೆ ಮಾತಾಡಬಹುದು. ಅಲ್ಲೂ ನನಗೊಬ್ಬ ವೈರಿ ಕಾದಿದ್ದ: ಅಧ್ಯಕ್ಷರ ಮರದ ಸುತ್ತಿಗೆ. ಮೈತುಂಬ ಮೆರುಗು, ಕೂರಲು ಸ್ವಂತ ಪೀಠ. ನಾನು ಗಂಟಲು ಹರಿದುಕೊಂಡರೂ ಅಲುಗದ ಜನ ಅದರ ಒಂದು 'ಟಕ್'ಗೆ ತೆಪ್ಪಗಾಗುತ್ತಿದ್ದರು. ಆದರೂ ಒಂದು ಸಮಾಧಾನವಿತ್ತು. ಸುತ್ತಿಗೆ ಮುಖ ನೋಡಿ ಬೀಳುತ್ತದೆ. ನಾನು ಎಲ್ಲರಿಗೂ ಸಮ.

ಸಮ ನಾನೇ ಹೊರತು ಗುಂಡಿ ಒತ್ತುವ ಬೆರಳಲ್ಲ ಎಂದು ತಿಳಿಯಲು ಹಲವು ವರ್ಷ ಬೇಕಾದವು. ಬಿಳಿಯ ಗುತ್ತಿಗೆದಾರ ಬಂದರೆ ಮೊದಲು ನಮಸ್ಕಾರ, ಹವಾಮಾನ, ಅವನ ತಾಯಿಯ ಸೊಂಟ ನೋವು, ಆಮೇಲೆ ಗುಂಡಿ. ರೈಲು ಹಳಿಯ ಆಚೆ ಕೇರಿಯ ಕಪ್ಪು ಜನ ಬಂದರೆ, ಕುರ್ಚಿಯಿಂದ ಏಳುವಾಗಲೇ ಗುಂಡಿ. ಮೈಕಿನವರೆಗೆ ನಡೆಯುವುದೂ ಅವರ ಲೆಕ್ಕಕ್ಕೇ.

ಹಾರ್ಲನ್ ಈಗ ಅಧ್ಯಕ್ಷ. ಹೊಸ ಕ್ರೀಡಾಂಗಣಕ್ಕೆ ಕಾರು ನಿಲ್ಲಿಸುವ ಜಾಗ ಬೇಕಿತ್ತು. ಅದಕ್ಕಾಗಿ ಕಪ್ಪು ಜನರ ಹಳೆಯ ಸ್ಮಶಾನಕ್ಕೆ ಡಾಂಬರು ಹಾಕುವ ಯೋಜನೆ ಸಭೆಗೆ ಬಂತು. ವರ್ನೆಟಾ ಹೆಸರು ಬರೆಸಿದ್ದಳು. ಮೂವತ್ತು ವರ್ಷ ಅಂಚೆ ಹಂಚಿ ಮಂಡಿ ಸವೆಸಿಕೊಂಡಿದ್ದವಳು ಕೊನೆಯ ಸಾಲಿನಿಂದ ಮೈಕು ತಲುಪುವುದರೊಳಗೆ ನಾನು ಎರಡು ನಿಮಿಷ ಎಣಿಸಿಯಾಗಿತ್ತು.

"ನಮ್ಮಜ್ಜಿ ಅಲ್ಲಿ ಮಲಗಿದಾಳೆ," ಎಂದು ಶುರುಮಾಡಿದಳು.

ಹಾರ್ಲನ್ ಮುಗುಳ್ನಕ್ಕ. "ಮಿಸ್ ಹಿಲ್, ಈ ದೇಶದಲ್ಲಿ ಭೇದ ಮುಗೀತು ಅಂತ ವಾದಿಸಿ ಕಪ್ ಗೆದ್ದೋರು ನೀವೇ ಅಲ್ವಾ? ನನಗೆ ಒಂದೊಂದು ಸಾಲೂ ನೆನಪಿದೆ."

"ಇರ್ಲೇಬೇಕು. ಸೋತೋರಿಗೆ ನೆನಪು ಜಾಸ್ತಿ."

ಸಭೆ ಗೊಳ್ಳೆಂದಿತು. ಸುತ್ತಿಗೆ ಬಿತ್ತು. ನಗು ಅಡಗುವಷ್ಟರಲ್ಲಿ ನನ್ನ ಕೆಂಪು ಹೊತ್ತಿ, ಅರಚಲೇಬೇಕಾಯಿತು.

ಆಗ ಮುಂದಿನ ಸಾಲಿನಿಂದ ಮುದುಕನೊಬ್ಬ, "ನನ್ನ ಮೂರು ನಿಮಿಷ ಅವಳಿಗೆ," ಎಂದ. ಹೆಸರು ಬರೆಸಿದವರು ತಮ್ಮ ಸಮಯವನ್ನು ಇನ್ನೊಬ್ಬರಿಗೆ ಬಿಟ್ಟುಕೊಡಬಹುದೆಂದು ನಿಯಮವಿತ್ತು. ಅದನ್ನು ಗುತ್ತಿಗೆದಾರರ ಅನುಕೂಲಕ್ಕೆ ಮಾಡಿದ್ದರು. "ನಂದೂ." "ನಂದೂ ತಗೋ ಅಕ್ಕ." ಹನ್ನೊಂದು ಜನ.

"ಮೊದಲು ನಿಮ್ಮ ಪರ ಮಾತಾಡ್ತೀನಿ," ಎಂದಳು ವರ್ನೆಟಾ ಹಾರ್ಲನ್‌ಗೆ. "ನಿಮಗಿಂತ ಚೆನ್ನಾಗಿ."

ಮಾತಾಡಿದಳು ಕೂಡ. ಮಕ್ಕಳು ಹೆದ್ದಾರಿ ದಾಟುವ ಅಪಾಯ, ಬೇರೆ ಜಾಗವಿಲ್ಲದ ಕಷ್ಟ, ಗೋರಿಗಳಿಗೆ ಕಲ್ಲಾಗಲಿ ಗುರುತಾಗಲಿ ಇಲ್ಲದಿರುವುದು. ಸದಸ್ಯರು ತಲೆದೂಗಿದರು. ಒಬ್ಬನಂತೂ ಬರೆದುಕೊಂಡ.

"ಈಗ ನನ್ನ ಪರ. ಗುರುತಿಲ್ಲ ಅಂತೀರಿ. ಬಿಳಿಯರ ಸ್ಮಶಾನಕ್ಕೆ ಬೇಲಿ ಹಾಕಿಸಿ, ಹುಲ್ಲು ಕತ್ತರಿಸೋದು ಇದೇ ಮಂಡಳಿ. ನಾವು ಒಂದು ಕಲ್ಲು ನೆಡ್ತೀವಿ ಅಂತ ಅರ್ಜಿ ಹಾಕ್ದಾಗೆಲ್ಲ 'ಮುಂದಿನ ಸಭೆ' ಅಂದಿದ್ದೂ ಇದೇ ಮಂಡಳಿ. ಗುರುತು ಇಡೋಕೆ ಬಿಡದೇ ಇರೋರು ಗುರುತೆಲ್ಲಿ ಅಂತ ಕೇಳೋದು ವಾದ ಅಲ್ಲ ಹಾರ್ಲನ್. ಆವತ್ತು ನಾನು ಅಂದಿದ್ದು ನಾಣ್ಯ ಹೇಳಿಸಿದ್ದು. ಎರಡು ಪಕ್ಷನೂ ಆಡೋದು ನಿನಗೆ ಆಟ. ಸೋತ್ರೆ ನಿನಗೆ ಒಂದು ಕಪ್ ತಪ್ಪುತ್ತೆ. ನಾನು ಸೋತ್ರೆ ನಮ್ಮಜ್ಜಿ ಎದೆ ಮೇಲೆ ಕಾರು ನಿಲ್ತವೆ."

ತಲೆದೂಗಿದ್ದ ಸದಸ್ಯರಿಗೆ ತಲೆ ಎಲ್ಲಿಡಬೇಕೋ ತೋಚಲಿಲ್ಲ. ಮೂರರ ವಿರುದ್ಧ ನಾಲ್ಕು ಮತಗಳಿಂದ ಸ್ಮಶಾನ ಉಳಿಯಿತು.

ಮುಂದಿನ ತಿಂಗಳು ಹಾರ್ಲನ್ ನಿಯಮ ತಿದ್ದಿಸಿದ: ಇನ್ನು ಸಮಯ ಬಿಟ್ಟುಕೊಡುವಂತಿಲ್ಲ, ಒಬ್ಬೊಬ್ಬರಿಗೆ ಎರಡೇ ನಿಮಿಷ. ನನಗೆ ಎರಡು ಎಣಿಸಲು ಬಾರದು. ಅಂಕಿ ಮಿನುಗಿಸುವ ಹೊಸ ಯಂತ್ರ ಬಂತು, ನಾನು ಪಕ್ಕದ ಕೋಣೆಯ ಬೀರುವಿಗೆ ಬಂದೆ. ಅಸೂಯೆಯ ವಿಷಯದಲ್ಲಿ ಹಾರ್ಲನ್ ಮತ್ತು ನಾನು ಅಣ್ಣತಮ್ಮಂದಿರು ಎಂದುಕೊಂಡಿದ್ದೆ. ಅಲ್ಲ. ನನ್ನಂಥವನ ಹೊಟ್ಟೆಕಿಚ್ಚು ಬೀರುವಿನಲ್ಲಿ ಕೊಳೆಯುತ್ತದೆ. ಅವನದು ನಿಯಮಾವಳಿಯಲ್ಲಿ ಅಚ್ಚಾಗುತ್ತದೆ.

ವರ್ನೆಟಾ ಈಗ ಪ್ರತಿ ಸಭೆಗೂ ಬರುತ್ತಾಳೆ. ಮೊದಲು ಗೋರಿಗಳಿಗೆ ಕಲ್ಲು ಕೇಳಿದಳು, ಈಗ ಬೇಲಿ ಕೇಳುತ್ತಿದ್ದಾಳೆ. ಎರಡು ನಿಮಿಷದಲ್ಲಿ ಒಂದು ಕ್ಷಣವನ್ನೂ ಅವರಿಗೆ ಬಿಡುವುದಿಲ್ಲ. ಸಭೆಗೆ ಅರ್ಧ ಗಂಟೆ ಮೊದಲೇ ಬಂದು, ಒಂದು ಕುರ್ಚಿಯನ್ನು ನೆಲದುದ್ದಕ್ಕೂ ಕರಕರನೆ ಎಳೆದು, ಮೈಕಿನ ಬುಡದಲ್ಲೇ ಹಾಕಿಕೊಂಡು ಕೂರುತ್ತಾಳೆ. ಗೋಡೆಯಾಚೆಯಿಂದ ಆ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸುತ್ತದೆ.

ನಡಿಗೆಯಲ್ಲಿ ನಾನು ಕಸಿದದ್ದನ್ನು ಅವಳಿಗೆ ಉಳಿಸಿಕೊಡುವ ಆ ಕುರ್ಚಿಯ ಮೇಲೆ ನನಗಿರುವಷ್ಟು ಹೊಟ್ಟೆಕಿಚ್ಚು ಈ ಜನ್ಮದಲ್ಲಿ ಇನ್ನಾವುದರ ಮೇಲೂ ಇರಲಿಲ್ಲ.